ಬ್ಯಾಟಲ್‌ಟೆಕ್ ಆಟದಲ್ಲಿ ಮಾರ್ಪಾಟಾದ ಯುದ್ಧವಾಹನಗಳ ಹೆಸರು ಮತ್ತು ವರ್ಗೀಕರಣ

ಬ್ಯಾಟಲ್‌ಟೆಕ್ ಮೇಜಿನ ಮೇಲೆ ಆಡುವ ಯುದ್ಧದ ಆಟ. ಅಮೆರಿಕದ ಷಿಕಾಗೊ ನಗರದ ಫಾಸಾ ಕಾರ್ಪೊರೇಷನ್ ಇದನ್ನು 1984ರಲ್ಲಿ ಹೊರತಂದಿತು. ಷಟ್ಕೋನದ ಮನೆಗಳಿರುವ ನಕ್ಷೆ, ಎರಡು ದಾಳ, ಪುಟ್ಟ ಗೊಂಬೆಗಳು, ಪ್ರತಿ ಗೊಂಬೆಗೂ ಒಂದು ದಾಖಲೆ ಹಾಳೆ ಇದ್ದರೆ ಆಟ ಶುರು. ಕಥೆ ನಡೆಯುವುದು 31ನೆಯ ಶತಮಾನದ ಆಸುಪಾಸಿನಲ್ಲಿ. ನಕ್ಷತ್ರಗಳಾಚೆಗೂ ಹರಡಿರುವ ಮನುಷ್ಯಕುಲ ಐದು ದೊಡ್ಡ ರಾಜಮನೆತನಗಳ ಆಳ್ವಿಕೆಯಲ್ಲಿ ಒಡೆದುಹೋಗಿದೆ. ರಣರಂಗದ ಮುಖ್ಯ ಆಯುಧ ಬ್ಯಾಟಲ್‌ಮೆಕ್, ಅಂದರೆ ಒಳಗೆ ಚಾಲಕ ಕುಳಿತು ನಡೆಸುವ, ಕಾಲುಗಳ ಮೇಲೆ ನಡೆಯುವ ಉಕ್ಕಿನ ದೈತ್ಯ. ಅದರ ಜೊತೆಗೆ ಟ್ಯಾಂಕು, ಹೋವರ್ ವಾಹನ, ಹೆಲಿಕಾಪ್ಟರ್, ಯುದ್ಧವಿಮಾನಗಳೂ ಇವೆ.

ಈ ಆಟದಲ್ಲಿ ಯಂತ್ರಗಳನ್ನು ಬಿಚ್ಚಿ ಕಟ್ಟಲು ಅವಕಾಶವಿದೆ. ಎಂಜಿನ್ನು, ಕವಚ, ಶಾಖ ಹೊರಹಾಕುವ ಹೀಟ್ ಸಿಂಕು, ಬಂದೂಕು ಎಲ್ಲಕ್ಕೂ ಟನ್ನಿನ ಲೆಕ್ಕವಿದೆ. ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದ ತಕ್ಷಣ ಎದುರಾಗುವ ಪ್ರಶ್ನೆ: ಇದು ಹಳೆಯ ಯಂತ್ರವೇ, ಅದರ ಉಪಮಾದರಿಯೇ, ಅಥವಾ ಹೊಸ ಯಂತ್ರವೇ? ನಲವತ್ತು ವರ್ಷಗಳಲ್ಲಿ ಬೇರೆ ಬೇರೆ ಕೈಗಳು ಈ ಪ್ರಶ್ನೆಗೆ ಕೊಟ್ಟ ಉತ್ತರಗಳು ಸೇರಿ ಇಂದಿನ ಪದ್ಧತಿ ರೂಪುಗೊಂಡಿದೆ. ಯಾವುದೇ ಸಮಿತಿ ಕುಳಿತು ಇದನ್ನು ರಚಿಸಿದ್ದಲ್ಲ. ಹಾಗಾಗಿ ನಿಯಮದಷ್ಟೇ ಅಪವಾದಗಳೂ ಇವೆ. ಆದರೂ ಇದರ ಒಳಗೆ ಒಂದು ತರ್ಕವಿದೆ. ಇಲ್ಲಿ ಹೆಸರು ಯಂತ್ರದಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಬದಲಿಸಿದವರು ಯಾರು, ಯಾವ ಕಾಲದಲ್ಲಿ, ಯಾವ ಒತ್ತಡದಲ್ಲಿ ಎಂಬುದನ್ನು ಹೆಚ್ಚು ಹೇಳುತ್ತದೆ. ಮೆಕ್‌ಗಳಿಗೂ ಟ್ಯಾಂಕುಗಳಿಗೂ ಹೆಸರಿಡುವ ಬಗೆಯಲ್ಲಿರುವ ಅಂತರ ಆ ಕಾಲ್ಪನಿಕ ಲೋಕದ ಮೇಲುಕೀಳುಗಳನ್ನೇ ಬಿಚ್ಚಿಡುತ್ತದೆ.

ಮೊದಲ ಪಟ್ಟಿಗಳು

ಆಟದ ಮೊದಲ ಹೆಸರು ಬ್ಯಾಟಲ್‌ಡ್ರಾಯ್ಡ್ಸ್. 'ಡ್ರಾಯ್ಡ್' ಎಂಬ ಪದ ತನ್ನ ಸ್ವತ್ತೆಂದು ಲೂಕಾಸ್‌ಫಿಲ್ಮ್ ಹಕ್ಕು ಸಾಧಿಸಿದ್ದರಿಂದ ಎರಡನೆಯ ಆವೃತ್ತಿ 1985ರಲ್ಲಿ ಬ್ಯಾಟಲ್‌ಟೆಕ್ ಆಗಿ ಬಂತು. ಜೋರ್ಡನ್ ವೈಸ್‌ಮನ್ ಮತ್ತು ರಾಸ್ ಬ್ಯಾಬ್‌ಕಾಕ್ 1980ರಲ್ಲಿ ಸ್ಥಾಪಿಸಿದ ಫಾಸಾ ಸಣ್ಣ ಸಂಸ್ಥೆ. ಮೊದಲ ಮೆಕ್‌ಗಳ ಆಕಾರವನ್ನು ಅದು ಮ್ಯಾಕ್ರಾಸ್, ಡೌಗ್ರಾಮ್, ಕ್ರಷರ್ ಜೋ ಎಂಬ ಜಪಾನಿ ಅನಿಮೆಗಳಿಂದ ಪರವಾನಗಿಯ ಮೇಲೆ ಪಡೆಯಿತು. ಆಕಾರ ಜಪಾನಿನದು, ಹೆಸರು, ತೂಕ, ಚರಿತ್ರೆ ಫಾಸಾದ್ದು.

ಹೆಸರುಗಳಿಗೆ ಶಿಸ್ತು ತಂದದ್ದು 1986ರ 'ಟೆಕ್ನಿಕಲ್ ರೀಡೌಟ್: 3025'. ಸೈನ್ಯದ ಕೈಪಿಡಿಯ ಮಾದರಿಯಲ್ಲಿ ಬರೆದ ಈ ಪುಸ್ತಕದಲ್ಲಿ ಪ್ರತಿ ಯಂತ್ರಕ್ಕೂ ಚಿತ್ರ, ತೂಕದ ಪಟ್ಟಿ, ತಯಾರಿಸಿದ ಕಾರ್ಖಾನೆ, ಹೋರಾಡಿದ ಯುದ್ಧಗಳು, ಹೆಸರುವಾಸಿಯಾದ ಚಾಲಕರು ಎಲ್ಲ ಇದ್ದವು. ಜೊತೆಗೆ ಉಪಮಾದರಿಗಳ ಬಗ್ಗೆ ಒಂದು ಚಿಕ್ಕ ಭಾಗವಿತ್ತು. ಎರಡು ಮೂರು ವಾಕ್ಯಗಳಲ್ಲಿ, ಇಂಥ ಮನೆತನದವರು ಈ ಬಂದೂಕು ತೆಗೆದು ಅದನ್ನು ಹಾಕಿದರು ಎಂದು ಅಲ್ಲಿ ಹೇಳಿರುತ್ತಿತ್ತು. ಇಂದು ಸಾವಿರಾರು ದಾಖಲೆ ಹಾಳೆಗಳಾಗಿ ಬೆಳೆದಿರುವ ವರ್ಗೀಕರಣದ ಬೇರು ಆ ಎರಡು ಮೂರು ವಾಕ್ಯಗಳಲ್ಲಿದೆ. ಟ್ಯಾಂಕುಗಳಿಗೆ ಸ್ವಂತ ಪುಸ್ತಕ ಸಿಕ್ಕಿದ್ದು ಮರುವರ್ಷ, 'ಟೆಕ್ನಿಕಲ್ ರೀಡೌಟ್: 3026'ರಲ್ಲಿ. ಅಷ್ಟು ಹೊತ್ತಿಗೆ ಮೆಕ್‌ಗಳ ಸಂಕೇತ ಪದ್ಧತಿ ನೆಲೆಯೂರಿಯಾಗಿತ್ತು.

ಸಂಕೇತದ ಕಟ್ಟಡ

ಮೆಕ್‌ನ ಪೂರ್ಣ ಹೆಸರಿನಲ್ಲಿ ಎರಡು ಭಾಗಗಳಿರುತ್ತವೆ. ಮೊದಲು ಕುಟುಂಬದ ಹೆಸರು: ವಾರ್‌ಹ್ಯಾಮರ್, ಲೋಕಸ್ಟ್, ಆರ್ಚರ್. ಬಳಿಕ ಸಂಕೇತ: ಡಬ್ಲ್ಯುಎಚ್‌ಎಂ-6ಆರ್, ಎಲ್‌ಸಿಟಿ-1ವಿ, ಎಆರ್‌ಸಿ-2ಆರ್. ಹೈಫನ್ನಿನ ಎಡಗಡೆ ಇರುವುದು ಹೆಸರಿನದೇ ಸಂಕ್ಷೇಪ. ಬಲಗಡೆಯ ಅಂಕಿ ವಿನ್ಯಾಸದ ತಲೆಮಾರು. ಕೊನೆಯ ಅಕ್ಷರ ಉಪಮಾದರಿ.

ಕೊನೆಯ ಅಕ್ಷರದಲ್ಲೇ ಹೆಚ್ಚಿನ ಮಾಹಿತಿ ಅಡಗಿರುತ್ತದೆ. ಡಿ ಇದ್ದರೆ ಡೇವಿಯನ್, ಕೆ ಇದ್ದರೆ ಕುರಿಟಾ, ಎಲ್ ಇದ್ದರೆ ಲಿಯಾವ್, ಎಂ ಇದ್ದರೆ ಮ್ಯಾರಿಕ್, ಎಸ್ ಇದ್ದರೆ ಸ್ಟೈನರ್. ಇವೇ ಐದು ರಾಜಮನೆತನಗಳು. ಡಬ್ಲ್ಯು ಹಲವು ಕಡೆ ವುಲ್ಫ್ಸ್ ಡ್ರಗೂನ್ಸ್ ಎಂಬ ಬಾಡಿಗೆ ಸೈನ್ಯವನ್ನು ಸೂಚಿಸುತ್ತದೆ. 20 ಟನ್ನಿನ ಲೋಕಸ್ಟ್‌ನ ಮೂಲ ರೂಪ 1ವಿಯಲ್ಲಿ ಒಂದು ಮಧ್ಯಮ ಲೇಸರ್, ಎರಡು ಮಷೀನ್ ಗನ್ ಇರುತ್ತವೆ. ಸ್ಟೈನರ್ ಪಡೆಯ 1ಎಸ್‌ನಲ್ಲಿ ಮಷೀನ್ ಗನ್ನುಗಳ ಜಾಗದಲ್ಲಿ ಹತ್ತಿರದ ಗುರಿಯ ಕ್ಷಿಪಣಿ, ಮ್ಯಾರಿಕ್ ಪಡೆಯ 1ಎಂನಲ್ಲಿ ದೂರದ ಗುರಿಯ ಕ್ಷಿಪಣಿ. ಸಂಕೇತದ ಒಂದು ಅಕ್ಷರ ಕಂಡರೆ ಸಾಕು, ಈ ಯಂತ್ರ ಯಾರ ಗಡಿಯಿಂದ ಬಂದಿದೆ ಎಂದು ಅನುಭವಿ ಆಟಗಾರ ಹೇಳಿಬಿಡುತ್ತಾನೆ.

ಆದರೆ ಈ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. 6ಆರ್‌ನ ಆರ್, 1ವಿಯ ವಿ, 4ಜಿಯ ಜಿ ಯಾವ ಮನೆತನವನ್ನೂ ಸೂಚಿಸುವುದಿಲ್ಲ. ಅವು ಮನೆತನಗಳು ಒಡೆಯುವ ಮೊದಲಿನ ತಳಿಯ ಗುರುತು. ಹೆಸರಾಂತ 100 ಟನ್ನಿನ ಅಟ್ಲಾಸ್‌ನ ಮೂಲ ರೂಪವೇ ಎಎಸ್7-ಡಿ, ಆ ಡಿಗೂ ಡೇವಿಯನ್‌ಗೂ ನಂಟಿಲ್ಲ. ಆದರೆ ಎಎಸ್7-ಕೆಯ ಕೆ ಕುರಿಟಾದ್ದೇ. ಹೊಸಬರು ಮೊದಲು ಎಡವುವುದು ಇಂಥಲ್ಲಿಯೇ. ಅಂಕಿಯನ್ನು ನಂಬಿದರೂ ಮೋಸ. 90 ಟನ್ನಿನ ಹೈಲ್ಯಾಂಡರ್‌ನ ಎಚ್‌ಜಿಎನ್-732 ರೂಪದಲ್ಲಿ ಗೌಸ್ ರೈಫಲ್ ಇದೆ; ಅದರ ನಂತರದ 733ರಲ್ಲಿ ಆ ಜಾಗಕ್ಕೆ ಮಾಮೂಲಿ ಆಟೋಕ್ಯಾನನ್ ಬಂದಿದೆ. ಅಂಕಿ ಏರಿದೆ, ಯಂತ್ರ ಇಳಿದಿದೆ. ಮನೆತನಗಳ ನಡುವಿನ ಉತ್ತರಾಧಿಕಾರದ ಯುದ್ಧಗಳಲ್ಲಿ ಕಾರ್ಖಾನೆಗಳು ಸುಟ್ಟು, ಗೌಸ್ ರೈಫಲ್ ತಯಾರಿಸುವ ವಿದ್ಯೆಯೇ ಕಳೆದುಹೋದ ಕಾಲದ ಕೂಸು 733. ಲೋಕ ಹಿಂದಕ್ಕೆ ಹೋದ ಕಥೆಯನ್ನು ಒಂದು ಅಂಕಿಯಲ್ಲಿ ಹೇಳಿರುವುದು ಈ ಆಟದ ಬರಹಗಾರರ ದೊಡ್ಡ ಸಾಧನೆಗಳಲ್ಲಿ ಒಂದು. ಇದೇ ಯಂತ್ರಕ್ಕೆ 732ಬಿ ಎಂಬ ರೂಪವೂ ಉಂಟು. ಆ ಬಿ, ಮನೆತನಗಳು ಒಡೆಯುವ ಮೊದಲಿದ್ದ ನಕ್ಷತ್ರ ಒಕ್ಕೂಟದ ರಾಜದಳಗಳಿಗೆ ಮೀಸಲಾಗಿದ್ದ ಅತ್ಯುತ್ತಮ ಸಾಮಗ್ರಿಯ ಗುರುತು.

ಹೆಸರಿಗೆ ಕಾರಣವಾದ ಅಂಗವನ್ನೇ ಕಿತ್ತಾಗ

ಮಾರ್ಪಾಟಿನ ಹೆಸರಿನ ಬಗೆಗಿನ ವಾದಗಳೆಲ್ಲ ಎರಡು ಮೆಕ್‌ಗಳ ಸುತ್ತ ತಿರುಗುತ್ತವೆ, ಆದ್ದರಿಂದ ಅವನ್ನು ಹತ್ತಿರದಿಂದ ನೋಡಬೇಕು.

ಹಂಚ್‌ಬ್ಯಾಕ್ 50 ಟನ್ನಿನ ಮಧ್ಯಮ ಮೆಕ್. ಎಚ್‌ಬಿಕೆ-4ಜಿ ರೂಪದಲ್ಲಿ ಅದರ ಬಲ ಭುಜದ ಮೇಲೆ 20ರ ವರ್ಗದ ಭಾರಿ ಆಟೋಕ್ಯಾನನ್ ಕೂತಿದೆ. ಆ ಉಬ್ಬಿನಿಂದಲೇ ಅದಕ್ಕೆ ಗೂನುಬೆನ್ನಿನ ಹೆಸರು ಬಂತು. ಫಿರಂಗಿಯ ತೂಕ 14 ಟನ್, ಗುಂಡಿನ ತೂಕ 2 ಟನ್. ಬಲ ಮುಂಡದ 12 ಕೋಷ್ಠಗಳಲ್ಲಿ 10ನ್ನು ಫಿರಂಗಿಯೊಂದೇ ನುಂಗುತ್ತದೆ. ಎಚ್‌ಬಿಕೆ-4ಪಿ ರೂಪದಲ್ಲಿ ಈ 16 ಟನ್ನನ್ನೂ ಕಿತ್ತುಹಾಕಿ, ಆ ಜಾಗಕ್ಕೆ ತಲಾ ಒಂದು ಟನ್ನಿನ ಆರು ಮಧ್ಯಮ ಲೇಸರ್ ಮತ್ತು ಹತ್ತು ಹೀಟ್ ಸಿಂಕು ಹಾಕಿದ್ದಾರೆ. ಮೊದಲೇ ಇದ್ದ ಎರಡು ಸೇರಿ ಎಂಟು ಮಧ್ಯಮ ಲೇಸರ್. ಈ ಎಂಟನ್ನೂ ಒಟ್ಟಿಗೆ ಹಾರಿಸಿದರೆ ಹುಟ್ಟುವ ಶಾಖ 24, ಹೊರಹಾಕಬಲ್ಲ ಶಾಖ 23. ಇಷ್ಟು ಹದವಾಗಿ ಕೂಡಿಬಂದ ಮಾರ್ಪಾಟು ವಿರಳ. ಬೆನ್ನಿನ ಗೂನು ಹೋದದ್ದರಿಂದ ಚಾಲಕರು ಇದನ್ನು ಸ್ವೇಬ್ಯಾಕ್ ಎಂದು ಕರೆದರು. ಅಧಿಕೃತ ಕುಟುಂಬದ ಹೆಸರು ಮಾತ್ರ ಹಂಚ್‌ಬ್ಯಾಕ್ ಆಗಿಯೇ ಉಳಿಯಿತು.

ಕ್ಯಾಟಪಲ್ಟ್‌ನ ಕಥೆಯೂ ಇದೇ. 65 ಟನ್ನಿನ ಈ ಮೆಕ್‌ನ ಎರಡು ಕೈಗಳೂ ಕ್ಷಿಪಣಿ ಪೆಟ್ಟಿಗೆಗಳು. ದೂರಕ್ಕೆ ಎಸೆಯುವ ಯಂತ್ರವಾದ್ದರಿಂದ ಆ ಹೆಸರು. ಕುರಿಟಾದವರ ಸಿಪಿಎಲ್‌ಟಿ-ಕೆ2 ರೂಪ ಆ ಪೆಟ್ಟಿಗೆಗಳನ್ನೇ ತೆಗೆದು ಕೈಗೊಂದು ಪಿಪಿಸಿ, ಅಂದರೆ ಕಣಗಳನ್ನು ಚಿಮ್ಮಿಸುವ ಫಿರಂಗಿ, ಜೋಡಿಸಿತು. ಕುರಿಟಾ ಪಡೆಗೆ ಪಿಪಿಸಿ ಎಂದರೆ ಬಲು ಪ್ರೀತಿ. ಷ್ಯಾಡೋ ಹಾಕ್‌ನ 2ಕೆ ರೂಪದಲ್ಲೂ ಅದೇ ಕೂತಿದೆ. ಕ್ಷಿಪಣಿಯಿಲ್ಲದ ಕ್ಯಾಟಪಲ್ಟ್ ಈಗಲೂ ಕ್ಯಾಟಪಲ್ಟೇ.

ಈ ಎರಡರಿಂದ ತಿಳಿಯುವುದು ಇಷ್ಟು: ಕುಟುಂಬದ ಹೆಸರು ಬಂದೂಕಿಗೆ ಅಂಟಿದ್ದಲ್ಲ, ಷಾಸಿಗೆ ಅಂಟಿದ್ದು. ತೂಕ, ಒಳಗಿನ ಎಲುಬುಗೂಡು, ಅಚ್ಚು, ಕಾರ್ಖಾನೆಯ ಸಾಲು ಇವು ಉಳಿದರೆ ಹೆಸರೂ ಉಳಿಯುತ್ತದೆ. ತೂಕ ಬದಲಾದರೆ ಹೆಸರಿಗೆ ಬಾಲ ಬರುತ್ತದೆ. 75 ಟನ್ನಿನ ಮರಾಡರ್ 100 ಟನ್ನಿಗೆ ಬೆಳೆದಾಗ ಅದು ಮರಾಡರ್ 2 ಆಯಿತು. ಮುಂದೆ ಕಥೆಯಲ್ಲಿ ಹೊರಗಿನಿಂದ ದಂಡೆತ್ತಿ ಬರುವ ಕುಲಗಳು ಹಳೆಯ ವಿನ್ಯಾಸಗಳನ್ನು ತಮ್ಮ ವಿದ್ಯೆಯಿಂದ ಪುನಃ ಕಟ್ಟಿದಾಗ ರೋಮನ್ ಎರಡರ ಮುಂದೆ ಸಿ ಸೇರಿಸಿದರು. ಹೀಗೆ ಮರಾಡರ್ 2ಸಿ 85 ಟನ್, 70 ಟನ್ನಿನ ವಾರ್‌ಹ್ಯಾಮರ್‌ನಿಂದ ಬಂದ ವಾರ್‌ಹ್ಯಾಮರ್ 2ಸಿ 80 ಟನ್. ಆದರೆ ಹಂಚ್‌ಬ್ಯಾಕ್ 2ಸಿ 50 ಟನ್ನಿನಲ್ಲೇ ನಿಂತಿತು. ಹೀಗಾಗಿ 2ಸಿ ಎಂಬ ಬಾಲ ತೂಕವನ್ನು ಹೇಳುವುದಿಲ್ಲ, ಕಟ್ಟಿದವರನ್ನು ಹೇಳುತ್ತದೆ.

ಟ್ಯಾಂಕುಗಳ ಆವರಣಚಿಹ್ನೆ

ಟ್ಯಾಂಕುಗಳಿಗೆ ಬಂದರೆ ಚಿತ್ರವೇ ಬೇರೆ. ಯುದ್ಧವಿಮಾನಗಳಿಗೂ ಎಸ್‌ಎಲ್-17 ಷಿಲೋನ್ ಎಂಬಂಥ ಸಂಕೇತವಿದೆ. ನೆಲದ ವಾಹನಗಳಲ್ಲಿ ಬಹುಪಾಲಿಗೆ ಅಂಥದ್ದಿಲ್ಲ. ಹೆಸರಿನ ಪಕ್ಕ ಆವರಣದಲ್ಲಿ, ಬದಲಾದದ್ದು ಏನೆಂದು ಬರೆದರೆ ಮುಗಿಯಿತು: ಸ್ಕಾರ್ಪಿಯನ್ (ಎಲ್‌ಆರ್‌ಎಂ), ಸ್ಕಾರ್ಪಿಯನ್ (ಎಸ್‌ಆರ್‌ಎಂ), ಹೆಟ್ಜರ್ (ಎಲ್‌ಆರ್‌ಎಂ), ವೆಡೆಟ್ (ಅಲ್ಟ್ರಾ), ಡೆಮಾಲಿಷರ್ (ಗೌಸ್). ಇನ್ನು ಕೆಲವಕ್ಕೆ ಹೆಸರೂ ಇಲ್ಲ. ದೂರದ ಕ್ಷಿಪಣಿಗಳ ಮೂರು ದೊಡ್ಡ ಪೆಟ್ಟಿಗೆ ಹೊತ್ತ 60 ಟನ್ನಿನ ವಾಹನಕ್ಕೆ ಎಲ್‌ಆರ್‌ಎಂ ಕ್ಯಾರಿಯರ್ ಎಂದಷ್ಟೇ ಕರೆಯುತ್ತಾರೆ. ಹತ್ತಿರದ ಗುರಿಯ ಹತ್ತು ಪೆಟ್ಟಿಗೆ ಹೊತ್ತದ್ದು ಎಸ್‌ಆರ್‌ಎಂ ಕ್ಯಾರಿಯರ್. ಮೈಮರೆತು ಹತ್ತಿರ ಹೋದ ಯಾವ ಮೆಕ್ಕನ್ನೂ ಒಂದೇ ಸುತ್ತಿನಲ್ಲಿ ಕೆಡವಬಲ್ಲ ವಾಹನ ಅದು. ಅಂಥದ್ದಕ್ಕೆ ಕೂಡ ಕೆಲಸದ ಹೆಸರೇ ಗತಿ.

ಇದು ಬರಹಗಾರರ ಸೋಮಾರಿತನ ಅಲ್ಲ. ಆ ಲೋಕದಲ್ಲಿ ಮೆಕ್ ಎಂದರೆ ಮನೆತನದ ಆಸ್ತಿ, ತಂದೆಯಿಂದ ಮಗಳಿಗೆ ಇಳಿದು ಬರುವ ಗೌರವ. ಅದರ ಪ್ರತಿ ಗಾಯಕ್ಕೂ ಚರಿತ್ರೆಯಿದೆ. ಟ್ಯಾಂಕು ಸರ್ಕಾರ ಸಗಟಾಗಿ ಕೊಂಡು ಸಿಪಾಯಿಗಳನ್ನು ಕೂರಿಸಿ ಕಳಿಸುವ ಸಾಮಾನು. ಯಾರು ಮಾರ್ಪಡಿಸಿದರು ಎಂಬ ಅಕ್ಷರ ಮೆಕ್‌ಗೆ ಸಿಗುತ್ತದೆ, ಏನು ಹಾಕಿದರು ಎಂಬ ಚೀಟಿ ಟ್ಯಾಂಕಿಗೆ ಸಿಗುತ್ತದೆ. ಆದರೂ ಬಳಕೆಯ ದೃಷ್ಟಿಯಿಂದ ಟ್ಯಾಂಕಿನ ಪದ್ಧತಿಯೇ ಮೇಲು ಎನ್ನಬೇಕು. ಡೆಮಾಲಿಷರ್ (ಗೌಸ್) ಎಂದಾಗ, 80 ಟನ್ನಿನ ಆ ಟ್ಯಾಂಕಿನ ಎರಡು ಭಾರಿ ಆಟೋಕ್ಯಾನನ್ನುಗಳ ಜಾಗದಲ್ಲಿ ಏನು ಬಂದಿದೆ ಎಂಬುದನ್ನು ಪುಸ್ತಕ ತೆರೆಯದೆ ತಿಳಿಯಬಹುದು. ಡಬ್ಲ್ಯುಎಚ್‌ಎಂ-6ಡಿ ಎಂದರೆ ಪುಸ್ತಕ ತೆರೆಯಲೇಬೇಕು.

ಟ್ಯಾಂಕುಗಳ ಕುಟುಂಬದ ಹೆಸರುಗಳು ಹೆಚ್ಚಾಗಿ ನಮ್ಮ 20ನೆಯ ಶತಮಾನದಿಂದ ಹೋದವು. ಸಲಾದಿನ್, ಸಾರಸನ್, ಸ್ಕಾರ್ಪಿಯನ್, ಸಿಮಿಟರ್, ಸ್ಟ್ರೈಕರ್ ಇವೆಲ್ಲ ಬ್ರಿಟಿಷ್ ಸೇನೆಯಲ್ಲಿದ್ದ ವಾಹನಗಳ ಹೆಸರು. ನಿಜವಾದ ಸಲಾದಿನ್ ಆರು ಚಕ್ರದ್ದು, ಆಟದ್ದು ಗಾಳಿಯ ದಿಂಬಿನ ಮೇಲೆ ತೇಲುವ ಹೋವರ್. ಜರ್ಮನರ 1944ರ ಹೆಟ್ಜರ್‌ಗೆ ಪಟ್ಟಿಗಾಲಿಗಳಿದ್ದವು. ಆಟದ 40 ಟನ್ನಿನ ಹೆಟ್ಜರ್ ಚಕ್ರದ ಮೇಲೆ ಓಡುತ್ತದೆ. ತಿರುಗುವ ಗೋಪುರವಿಲ್ಲದೆ ಮುಂದಕ್ಕೆ ಮಾತ್ರ ಗುರಿ ಹಿಡಿಯುವ ದೊಡ್ಡ ತೋಪು ಎಂಬ ಗುಣ ಎರಡಕ್ಕೂ ಒಂದೇ. ಇನ್ನು ಪ್ಯಾಟನ್ ಮತ್ತು ರೋಮೆಲ್. ಎರಡೂ 65 ಟನ್, ಎರಡೂ ಸ್ಟೈನರ್ ಪಡೆಯವು. ಮುಖ್ಯ ವ್ಯತ್ಯಾಸ ಫಿರಂಗಿಯದು: ಪ್ಯಾಟನ್‌ನದು 10ರ ವರ್ಗ, ರೋಮೆಲ್‌ನದು 20ರ ವರ್ಗ. ಹೆಟ್ಜರ್‌ನ ಲೆಕ್ಕ ಹಿಡಿದರೆ ಇವು ಒಂದೇ ಟ್ಯಾಂಕಿನ ಎರಡು ಆವರಣಗಳಾಗಬೇಕಿತ್ತು. ಆದರೆ ಇಬ್ಬರು ಎದುರಾಳಿ ಸೇನಾಪತಿಗಳ ಹೆಸರಿಟ್ಟು ಇವನ್ನು ಜೋಡಿ ಟ್ಯಾಂಕುಗಳಾಗಿ ಮಾಡಿದ್ದಾರೆ. ವರ್ಗೀಕರಣದ ಶಿಸ್ತಿಗಿಂತ ಕಥೆಯ ಸೊಗಸು ಮುಖ್ಯವಾದಾಗ ಹೀಗಾಗುತ್ತದೆ.

ಮಾರ್ಪಾಟಿನ ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ 50 ಟನ್ನಿನ ವೆಡೆಟ್ ಒಳ್ಳೆಯ ಉದಾಹರಣೆ. ಪಟ್ಟಿಗಾಲಿಯ ವಾಹನಕ್ಕೆ ಎಂಜಿನ್ನಿನ ಅಂಕಿ ಎಂದರೆ ತೂಕವನ್ನು ಮಾಮೂಲಿ ವೇಗದಿಂದ ಗುಣಿಸಿದ್ದು; ವೇಗ 5 ಆದ್ದರಿಂದ 250. ಈ ಅಂಕಿಯ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನು 25 ಟನ್ ತೂಗುತ್ತದೆ, ಅಂದರೆ ವಾಹನದ ಅರ್ಧ. ಗೋಪುರದಲ್ಲಿ 8 ಟನ್ನಿನ ಆಟೋಕ್ಯಾನನ್, ಅದಕ್ಕೆ ಒಂದು ಟನ್ ಗುಂಡು, ಮೈಗೆ 6 ಟನ್ ಕವಚ. ಈಗ ಆಟಗಾರನೊಬ್ಬ ಎಂಜಿನ್ನನ್ನು ಫ್ಯೂಷನ್‌ಗೆ ಬದಲಿಸುತ್ತಾನೆ ಎಂದಿಟ್ಟುಕೊಳ್ಳಿ. ಟ್ಯಾಂಕಿನಲ್ಲಿ ಫ್ಯೂಷನ್‌ಗೆ ವಿಕಿರಣದ ತಡೆಗೋಡೆ ಬೇಕು. ಅದನ್ನು ಸೇರಿಸಿದರೂ 19 ಟನ್. ಉಳಿದದ್ದು 6, ಫಿರಂಗಿ ಮತ್ತು ಗುಂಡು ತೆಗೆದರೆ ಇನ್ನೂ 9. ಈ 15 ಟನ್ನಿನಲ್ಲಿ 7 ಟನ್ನಿನ ಪಿಪಿಸಿ ಕೂರಿಸಬಹುದು. ಅದು ಹುಟ್ಟಿಸುವ ಶಾಖ 10. ಫ್ಯೂಷನ್ ಎಂಜಿನ್ನಿನ ಜೊತೆ ಉಚಿತವಾಗಿ ಬರುವ ಹೀಟ್ ಸಿಂಕೂ 10. ಉಳಿದ 8 ಟನ್ನಿನಲ್ಲಿ 6 ಕವಚಕ್ಕೆ ಹೋದರೆ ಕವಚ ಇಮ್ಮಡಿ. ಕೊನೆಯ 2 ಟನ್ನಿಗೆ ಒಂದು ಸಣ್ಣ ಕ್ಷಿಪಣಿ ಪೆಟ್ಟಿಗೆ ಮತ್ತು ಅದರ ಮದ್ದು. ಒಡಲು, ವೇಗ, ಗೋಪುರ ಒಂದೂ ಬದಲಾಗಲಿಲ್ಲ. ಪದ್ಧತಿಯ ಪ್ರಕಾರ ಇದನ್ನು ವೆಡೆಟ್ (ಪಿಪಿಸಿ) ಎನ್ನಬೇಕು. ಆದರೆ ಆಟದ ಲೋಕವನ್ನು ಬಲ್ಲವರು ತಕ್ಷಣ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಮೆಕ್‌ಗಳಿಗೇ ಸಾಲದ ಫ್ಯೂಷನ್ ಎಂಜಿನ್ನನ್ನು ಅಗ್ಗದ ಟ್ಯಾಂಕಿಗೆ ಕೊಟ್ಟವರು ಯಾರು, ಯಾಕೆ? ಆ ಪ್ರಶ್ನೆಗೆ ಉತ್ತರವಿಲ್ಲದ ಮಾರ್ಪಾಟು ಲೆಕ್ಕದಲ್ಲಿ ಸರಿಯಿದ್ದರೂ ಹೆಸರಿಗೆ ಅರ್ಹವಲ್ಲ ಎಂಬುದು ಹಳೆಯ ಆಟಗಾರರ ನಿಲುವು. ಈ ನಿಲುವು ನ್ಯಾಯವಾದದ್ದು.

ಇದೇ ಲೆಕ್ಕಾಚಾರದ ಇನ್ನೊಂದು ತುದಿಯಲ್ಲಿರುವುದು 5 ಟನ್ನಿನ ಸವಾನಾ ಮಾಸ್ಟರ್. ಹೋವರ್ ವಾಹನಗಳಿಗೆ ತೂಕ ಮತ್ತು ವೇಗದ ಗುಣಲಬ್ಧದಿಂದ ಒಂದು ರಿಯಾಯಿತಿ ಕಳೆಯುತ್ತಾರೆ. ಇಷ್ಟು ಚಿಕ್ಕ ವಾಹನಕ್ಕೆ ಅದು 40. ಐದನ್ನು ಹದಿಮೂರರಿಂದ ಗುಣಿಸಿದರೆ 65, ಅದರಲ್ಲಿ 40 ಕಳೆದರೆ 25. ಒಂದು ಟನ್ನಿನ ಎಂಜಿನ್ನು, ಒಂದು ಮಧ್ಯಮ ಲೇಸರ್, ಒಂದೂವರೆ ಟನ್ ಕವಚ. ಮೂಲ ವಿನ್ಯಾಸದಲ್ಲೇ ಒಂದು ಕಿಲೋ ಸಡಿಲ ಜಾಗ ಇಲ್ಲದ ಕಾರಣ ಇದನ್ನು ಮಾರ್ಪಡಿಸುವುದು ಬಲು ಕಷ್ಟ.

ತೂಕ, ಚಲನೆ, ವಿದ್ಯೆ

ಹೆಸರಿನ ಆಚೆಗೆ ಯಂತ್ರಗಳನ್ನು ಹಲವು ಬಗೆಯಲ್ಲಿ ವಿಂಗಡಿಸುತ್ತಾರೆ. ಮೆಕ್‌ಗಳಲ್ಲಿ 20ರಿಂದ 35 ಟನ್ ಹಗುರ, 40ರಿಂದ 55 ಮಧ್ಯಮ, 60ರಿಂದ 75 ಭಾರಿ, 80ರಿಂದ 100 ಅಸಾಲ್ಟ್. ವಾಹನಗಳಿಗೆ ಚಲನೆಯ ಬಗೆಯೂ ಮುಖ್ಯ: ಪಟ್ಟಿಗಾಲಿಯವು 100 ಟನ್ನಿನವರೆಗೆ, ಚಕ್ರದವು 80ರವರೆಗೆ, ಹೋವರ್ 50ರವರೆಗೆ, ಹೆಲಿಕಾಪ್ಟರ್ 30ರವರೆಗೆ. ವಿದ್ಯೆಯ ಮೂಲವನ್ನು ನೋಡಿ ಇನ್ನರ್ ಸ್ಫಿಯರ್ (ಅಂದರೆ ಐದು ಮನೆತನಗಳ ಲೋಕ), ಕುಲ, ಮಿಶ್ರ ಎಂದು ಮೂರು ಭಾಗ ಮಾಡುತ್ತಾರೆ. 2006ರ 'ಟೋಟಲ್ ವಾರ್‌ಫೇರ್'ನಿಂದ ಶುರುವಾದ ನಿಯಮಪುಸ್ತಕಗಳ ಸರಣಿ ಸಾಮಗ್ರಿಗಳನ್ನು ಪ್ರಾರಂಭಿಕ, ಪ್ರಮಾಣಿತ, ಮುಂದುವರಿದ, ಪ್ರಾಯೋಗಿಕ ಎಂದು ಶ್ರೇಣಿ ಮಾಡಿತು. ಪ್ರಾಯೋಗಿಕ ವಸ್ತು ಒಂದೇ ಒಂದಿದ್ದರೂ ಇಡೀ ಯಂತ್ರ ಆ ಶ್ರೇಣಿಗೆ ಸೇರುತ್ತದೆ.

ಇವೆಲ್ಲಕ್ಕಿಂತ ಆಟದ ದಿನ ಕೆಲಸಕ್ಕೆ ಬರುವುದು ಬ್ಯಾಟಲ್ ವ್ಯಾಲ್ಯೂ ಎಂಬ ಅಂಕಿ. 1997ರಲ್ಲಿ 'ಮ್ಯಾಕ್ಸಿಮಮ್ ಟೆಕ್'ನಲ್ಲಿ ಬಂದು, 2007ರ 'ಟೆಕ್‌ಮ್ಯಾನ್ಯುಯಲ್'ನಲ್ಲಿ ಪರಿಷ್ಕೃತವಾದ ಇದು ಯಂತ್ರದ ಹೊಡೆಯುವ ಮತ್ತು ತಡೆಯುವ ಶಕ್ತಿಯನ್ನು ಒಂದೇ ಸಂಖ್ಯೆಗೆ ಇಳಿಸುತ್ತದೆ. ಪರಿಷ್ಕೃತ ಲೆಕ್ಕದಲ್ಲಿ ಲೋಕಸ್ಟ್ 1ವಿಗೆ 432, ಅಟ್ಲಾಸ್ ಎಎಸ್7-ಡಿಗೆ 1897. ತೂಕದ ಅನುಪಾತ ಒಂದಕ್ಕೆ ಐದು. ಬಲದ ಅನುಪಾತ ಅಷ್ಟಿಲ್ಲ. ಒಂದೇ ಕುಟುಂಬದ ಎರಡು ಉಪಮಾದರಿಗಳ ನಡುವಿನ ನಿಜವಾದ ಅಂತರ ಗೊತ್ತಾಗುವುದೂ ಈ ಅಂಕಿಯಿಂದಲೇ.

ಮಾರ್ಪಾಟಿನ ಕೆಲಸವನ್ನೂ ನಿಯಮಗಳು ಎ ಇಂದ ಎಫ್‌ವರೆಗೆ ಆರು ವರ್ಗ ಮಾಡಿವೆ. ಎ, ಬಿ ಎಂದರೆ ರಣರಂಗದ ಮಗ್ಗುಲಲ್ಲೇ ಮೆಕ್ಯಾನಿಕ್‌ಗಳು ಮಾಡಬಹುದಾದದ್ದು, ಮಧ್ಯಮ ಲೇಸರ್ ತೆಗೆದು ಅದೇ ಜಾಗಕ್ಕೆ ಅದೇ ಬಗೆಯ ಪಲ್ಸ್ ಲೇಸರ್ ಹಾಕಿದ ಹಾಗೆ. ಸಿ, ಡಿ ವರ್ಗಗಳಿಗೆ ಸುಸಜ್ಜಿತ ವರ್ಕ್‌ಷಾಪ್ ಬೇಕು. ಇ, ಎಫ್ ಕಾರ್ಖಾನೆಯ ಕೆಲಸ. ಒಳಗಿನ ಎಲುಬುಗೂಡನ್ನೇ ಬದಲಿಸುವುದು ಎಫ್‌ಗೆ ಸೇರುತ್ತದೆ. ಹೆಸರಿನ ಪ್ರಶ್ನೆಗೆ ಈ ವಿಂಗಡಣೆ ನೇರವಾಗಿ ಉತ್ತರಿಸುವುದಿಲ್ಲ. ಆದರೂ ಎ ವರ್ಗದ ಮಾರ್ಪಾಟಿಗೆ ಹೊಸ ಸಂಕೇತ ಕೇಳುವುದು ಅತಿಯಾಯಿತು, ಎಫ್ ವರ್ಗದ್ದಕ್ಕೆ ಕೊಡದಿರುವುದು ಕಡಿಮೆಯಾಯಿತು ಎಂಬ ಅಳತೆಗೋಲಾಗಿ ಇದನ್ನು ಬಳಸಬಹುದು.

ಕುಲಗಳು ಬಂದಾಗ

1990ರ 'ಟೆಕ್ನಿಕಲ್ ರೀಡೌಟ್: 3050' ಇಡೀ ಪದ್ಧತಿಯನ್ನು ಅಲುಗಾಡಿಸಿತು. ಕಥೆಯಲ್ಲಿ ಹೊರಗಿನಿಂದ ದಂಡೆತ್ತಿ ಬಂದ ಕುಲಗಳ ಬಳಿ ಆಮ್ನಿಮೆಕ್‌ಗಳಿದ್ದವು. ಇವುಗಳ ಎಂಜಿನ್ನು, ಎಲುಬುಗೂಡು, ಕವಚ ಸ್ಥಿರ; ಬಂದೂಕುಗಳೆಲ್ಲ ಕಳಚಿ ಜೋಡಿಸುವ ಪಾಡ್‌ಗಳಲ್ಲಿ ಇರುತ್ತವೆ. ಮಾರ್ಪಾಟು ಇಲ್ಲಿ ವರ್ಷಗಳ ಕೆಲಸವಲ್ಲ, ಎರಡು ಕಾಳಗಗಳ ನಡುವಿನ ಕೆಲಸ. ಹಾಗಾಗಿ ಮನೆತನದ ಅಕ್ಷರಕ್ಕೆ ಅರ್ಥವೇ ಉಳಿಯಲಿಲ್ಲ. ಮೂಲ ಜೋಡಣೆಗೆ ಪ್ರೈಮ್, ಮುಂದಿನವಕ್ಕೆ ಎ, ಬಿ, ಸಿ, ಡಿ. ಬ್ಯಾಡ್ಜರ್, ಬ್ಯಾಂಡಿಟ್‌ನಂಥ ಆಮ್ನಿ ವಾಹನಗಳು ಬಂದಾಗ, ಟ್ಯಾಂಕುಗಳಿಗೂ ಮೆಕ್‌ಗಳಿಗೂ ಮೊದಲ ಸಲ ಒಂದೇ ಪಂಕ್ತಿಯಲ್ಲಿ ಹೆಸರು ಸಿಕ್ಕಿತು.

ಎರಡು ಹೆಸರುಗಳ ತೊಡಕೂ ಆಗಲೇ ಶುರುವಾದದ್ದು. ಕುಲಗಳು ಟಿಂಬರ್ ವುಲ್ಫ್ ಎಂದು ಕರೆಯುವ 75 ಟನ್ನಿನ ಮೆಕ್ ಅವರ ಶತ್ರುಗಳ ಬಾಯಲ್ಲಿ ಮ್ಯಾಡ್ ಕ್ಯಾಟ್. ಮೈಕಲ್ ಸ್ಟ್ಯಾಕ್‌ಪೋಲ್ ಅವರ 1989ರ ಕಾದಂಬರಿ 'ಲೀಥಲ್ ಹೆರಿಟೇಜ್' ಇದಕ್ಕೆ ಕಾರಣ ಹೇಳುತ್ತದೆ. ಅದನ್ನು ಮೊದಲು ಎದುರಿಸಿದ ಫೀಲನ್ ಕೆಲ್ ಎಂಬ ಚಾಲಕನ ಕಂಪ್ಯೂಟರ್ ಅದರ ಮುಂಡ ಕಂಡು ಮರಾಡರ್ ಎಂದೂ ಭುಜದ ಕ್ಷಿಪಣಿ ಪೆಟ್ಟಿಗೆ ಕಂಡು ಕ್ಯಾಟಪಲ್ಟ್ ಎಂದೂ ತೂಗಾಡಿತು. ಆ ಎರಡರ ಸಂಕ್ಷೇಪಗಳು ಕೂಡಿ ಹೊಸ ಹೆಸರಾಯಿತು. ಅಪರಿಚಿತವನ್ನು ಪರಿಚಿತದ ತುಂಡುಗಳಿಂದ ವರ್ಗೀಕರಿಸುವ ಮನುಷ್ಯನ ಅಭ್ಯಾಸವನ್ನು ಇಷ್ಟು ಚುರುಕಾಗಿ ತೋರಿಸಿದ ಪ್ರಸಂಗ ಈ ಆಟದ ಸಾಹಿತ್ಯದಲ್ಲಿ ಮತ್ತೊಂದಿಲ್ಲ. ಡೈರ್ ವುಲ್ಫ್‌ಗೆ ಡೈಷಿ, ವಾರ್‌ಹಾಕ್‌ಗೆ ಮಸಕಾರಿ, ಸ್ಟಾರ್ಮ್‌ಕ್ರೋಗೆ ರ್‍ಯೋಕೆನ್ ಎಂಬ ಜಪಾನಿ ಹೆಸರುಗಳೂ, ಸಮನರ್‌ಗೆ ಥಾರ್, ಹೆಲ್‌ಬ್ರಿಂಗರ್‌ಗೆ ಲೋಕಿ ಎಂಬ ನಾರ್ಸ್ ಹೆಸರುಗಳೂ ಬಂದವು.

ಶತ್ರುವಿನ ಯಂತ್ರಕ್ಕೆ ತಾವೇ ಹೆಸರಿಡುವುದು ಶೀತಲ ಸಮರದ ನೇಟೊ ಸಂಪ್ರದಾಯ. ಮಿಗ್-21ಕ್ಕೆ ಫಿಶ್‌ಬೆಡ್, ಟಿಯು-95ಕ್ಕೆ ಬೇರ್ ಎಂಬ ಹೆಸರುಗಳನ್ನು ಕೊಟ್ಟದ್ದು ನೇಟೊ. ಅದೇ ಮಿಗ್-21ಕ್ಕೆ ಭಾರತದಲ್ಲಿ ಹೊಸ ರಾಡಾರ್, ಹೊಸ ಕ್ಷಿಪಣಿ ಅಳವಡಿಸಿದಾಗ ಬೈಸನ್ ಎಂಬ ಹೆಸರು ಬಂತು. ತಯಾರಕರ ಸಂಕೇತ, ಶತ್ರುಗಳ ಅಡ್ಡಹೆಸರು, ಮಾರ್ಪಡಿಸಿದವರ ಹೆಸರು ಮೂರೂ ಒಂದೇ ವಿಮಾನದ ಮೇಲೆ ಕೂತಿವೆ. ಆಟದ ಬರಹಗಾರರ ಕಣ್ಣಮುಂದೆ ಇಂಥ ನಿಜವಾದ ಮಾದರಿಗಳು ಬೇಕಾದಷ್ಟಿದ್ದವು. ಅಕ್ಷರಗಳ ಸಾಲಿಗೂ ಎರಡನೆಯ ಮಹಾಯುದ್ಧದಲ್ಲಿ ಪೂರ್ವನಿದರ್ಶನವಿದೆ: ಜರ್ಮನರ ನಾಲ್ಕನೆಯ ಪ್ಯಾಂಜರ್ ಎ ಇಂದ ಜೆವರೆಗಿನ ರೂಪಗಳಲ್ಲಿ ಬಂತು, ಅಮೆರಿಕನ್ನರ ಶರ್ಮನ್ ಎಂ4ಎ1, ಎ2, ಎ3 ಎಂದು ಮುಖ್ಯವಾಗಿ ಒಡಲು ಮತ್ತು ಎಂಜಿನ್ನಿನ ಭೇದದಿಂದ ಕವಲೊಡೆಯಿತು.

ಚಿತ್ರ ಹೋಗಿ ಹೆಸರು ಉಳಿದದ್ದು

ಅನಿಮೆಯಿಂದ ಬಂದ ಆಕಾರಗಳ ಬಗ್ಗೆ ಹಾರ್ಮನಿ ಗೋಲ್ಡ್ ಸಂಸ್ಥೆಯೊಂದಿಗೆ ನಡೆದ ವ್ಯಾಜ್ಯದ ಬಳಿಕ, 1990ರ ದಶಕದ ನಡುವಿನಿಂದ ಫಾಸಾ ಆ ಚಿತ್ರಗಳನ್ನು ಅಚ್ಚು ಹಾಕುವುದನ್ನು ನಿಲ್ಲಿಸಿತು. ವಾರ್‌ಹ್ಯಾಮರ್, ಮರಾಡರ್, ಫೀನಿಕ್ಸ್ ಹಾಕ್ ಮುಂತಾದವು 'ಕಾಣದವು' ಎಂದು ಹೆಸರಾದವು. ಹೆಸರು, ತೂಕ, ಅಂಕಿಅಂಶ ಫಾಸಾದ್ದೇ ಆದ್ದರಿಂದ ಅವು ಉಳಿದವು. ಪುಸ್ತಕದಲ್ಲಿ ಯಂತ್ರವಿತ್ತು, ಮುಖವಿರಲಿಲ್ಲ. ಅದಕ್ಕೂ ಮೊದಲೇ ಮ್ಯಾಕ್ರಾಸ್‌ನ ಒಂದೇ ವಾಲ್ಕಿರಿ ವಿಮಾನದ ರೂಪಗಳು 20 ಟನ್ನಿನ ವಾಸ್ಪ್, 20 ಟನ್ನಿನ ಸ್ಟಿಂಗರ್, 45 ಟನ್ನಿನ ಫೀನಿಕ್ಸ್ ಹಾಕ್ ಎಂದು ಮೂರು ಕುಟುಂಬಗಳಾಗಿದ್ದವು. ಹೀಗೆ ಚಿತ್ರಕ್ಕೂ ಹೆಸರಿಗೂ ಇರುವ ನಂಟು ಸಡಿಲವೆಂದು ಆಟ ಮೊದಲಿಂದಲೇ ಒಪ್ಪಿಕೊಂಡಿತ್ತು. 2003ರ 'ಪ್ರಾಜೆಕ್ಟ್ ಫೀನಿಕ್ಸ್' ಪುಸ್ತಕ ಹಳೆಯ ಹೆಸರುಗಳಿಗೆ ಹೊಸ ಮೈ ಕೊಟ್ಟಿತು. ಹೊಸ ಮೈಗೆ ಸಮರ್ಥನೆಯಾಗಿ ಹೊಸ ಉಪಮಾದರಿಗಳನ್ನೂ ಬರೆದರು. ನ್ಯಾಯಾಲಯದ ಮೆಟ್ಟಿಲು ಹತ್ತಿದ ಜಗಳ ಹೀಗೆ ಸಂಕೇತಗಳ ಪಟ್ಟಿಯನ್ನು ಉದ್ದ ಮಾಡಿತು. ಕೊನೆಯ ಸುತ್ತಿನ ವ್ಯಾಜ್ಯ 2018ರಲ್ಲಿ ಮುಗಿಯಿತು.

ಒಬ್ಬರ ಯಂತ್ರ

ಮಾರ್ಪಾಟುಗಳಲ್ಲಿ ಕೊನೆಯ ವರ್ಗ, ಒಬ್ಬ ಚಾಲಕನಿಗೆ ಮಾತ್ರ ಸೇರಿದ ಯಂತ್ರಗಳದ್ದು. ಜಸ್ಟಿನ್ ಅಲಾರ್ಡ್ ಎಂಬ ಪಾತ್ರ ಸೊಲಾರಿಸ್ ಗ್ರಹದ ಕಾಳಗದ ಕಣದಲ್ಲಿ ನಡೆಸಿದ ಸೆಂಚುರಿಯನ್‌ಗೆ ಯೆನ್-ಲೊ-ವಾಂಗ್ ಎಂಬ ಹೆಸರಿತ್ತು, ಸಂಕೇತ ಸಿಎನ್9-ವೈಎಲ್‌ಡಬ್ಲ್ಯು. ಅದು ಚೀನೀ ನರಕದ ಅಧಿಪತಿಯ ಹೆಸರು. ಬೌದ್ಧರ ಮೂಲಕ ಅಲ್ಲಿಗೆ ಹೋದ ನಮ್ಮ ಯಮರಾಜನೇ ಅವನು. ಮೂಲ ಆಟೋಕ್ಯಾನನ್ನಿನ ಜಾಗದಲ್ಲಿ 20ರ ವರ್ಗದ ಫಿರಂಗಿ ಕೂರಿಸಿದ ಈ ಯಂತ್ರವನ್ನು ಮುಂದೆ ಅವನ ಮಗ ಕೈ ನಡೆಸಿದ. ಆಗ ಒಳಗಿನದು ಬಹಳಷ್ಟು ಬದಲಾಗಿತ್ತು, ಆದರೂ ಯೆನ್-ಲೊ-ವಾಂಗ್ ಎಂಬ ಹೆಸರು ಬದಲಾಗಲಿಲ್ಲ. ನತಾಷಾ ಕೆರೆನ್‌ಸ್ಕಿ ಎಂಬ ಇನ್ನೊಂದು ಪಾತ್ರದ ವಾರ್‌ಹ್ಯಾಮರ್‌ಗೆ ಅವಳ ಅಡ್ಡಹೆಸರು ಬ್ಲ್ಯಾಕ್ ವಿಡೋ ಆವರಣದಲ್ಲಿ ಸೇರುತ್ತದೆ. ಟ್ಯಾಂಕಿನ ಪಕ್ಕದ ಆವರಣದಲ್ಲಿ ಆಯುಧದ ಹೆಸರು ಬಂದರೆ ಮೆಕ್‌ನ ಪಕ್ಕದ ಆವರಣದಲ್ಲಿ ಮನುಷ್ಯರ ಹೆಸರು ಬರುತ್ತದೆ.

ಆಟಗಾರರು ತಾವೇ ಕಟ್ಟಿದ ರೂಪಗಳಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. 2007ರಿಂದ ಆಟವನ್ನು ಪ್ರಕಟಿಸುತ್ತಿರುವ ಕ್ಯಾಟಲಿಸ್ಟ್ ಗೇಮ್ ಲ್ಯಾಬ್ಸ್ ನಡೆಸುವ 'ಮಾಸ್ಟರ್ ಯೂನಿಟ್ ಲಿಸ್ಟ್' ಅಧಿಕೃತ ಯಂತ್ರಗಳ ದಾಖಲೆ. ಯಾವ ಉಪಮಾದರಿ ಯಾವ ವರ್ಷದ್ದು, ಯಾವ ಕಾಲಘಟ್ಟದಲ್ಲಿ ಯಾವ ಪಡೆಯ ಬಳಿ ಇತ್ತು ಎಂಬುದಕ್ಕೆ ಅದೇ ಪ್ರಮಾಣ. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಅದರಲ್ಲಿ ಇರುವುದನ್ನಷ್ಟೇ ಆಡಿಸುತ್ತಾರೆ. ಮನೆಯ ಮೇಜಿನ ಮೇಲೆ ಆಡುವವರಿಗೆ ಆ ಕಟ್ಟಿಲ್ಲ. ಆದರೆ ಅಲ್ಲಿಯೂ ಸ್ವಂತ ರೂಪಕ್ಕೆ ಈಗಾಗಲೇ ಬಳಕೆಯಲ್ಲಿರುವ ಅಕ್ಷರವನ್ನು ಕೊಡಬಾರದು, ಎಕ್ಸ್ ಅಥವಾ ಚಾಲಕನ ಹೆಸರು ಸೇರಿಸಿದರೆ ಗೊಂದಲವಿಲ್ಲ. ಕೆ ಅಕ್ಷರ ಕೊಡುವವರು ಅದನ್ನು ಕುರಿಟಾದವರು ಯಾಕೆ ಕಟ್ಟಿದರೆಂದು ದಾಖಲೆ ಹಾಳೆಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಿಡುವುದು ಒಳ್ಳೆಯದು.